ಷಡಕ್ಷರಿ ಮಾಲ್‌ನ ಕೊನೆಯ ಬೋಣಿ

4 ಫೆಬ್ರವರಿ 2008, ಸೋಮವಾರ

ಶಟರ್ ಎತ್ತಿದೆ. ದೀಪ ಹಚ್ಚಿದೆ. ಪಕ್ಕದ ಟೈಲರಿಂಗ್ ಅಂಗಡಿಯ ರಹೀಮುನ್ನೀಸಾ ಬಂದು ಒಂದು ಪ್ಯಾಕೆಟ್ ಊದುಬತ್ತಿ ಕೊಂಡಳು. ನಾನು ಅವಳಲ್ಲಿ ಬ್ಲೌಸ್ ಹುಕ್ಕು ಕೊಂಡೆ. ಈಗ ನಮ್ಮ ಬೋಣಿ ಹೀಗೇ. ದಿನದ ಮೊದಲ ವ್ಯಾಪಾರ ಅವಳಿಗೆ ನನ್ನಿಂದ, ನನಗೆ ಅವಳಿಂದ. ಆಮೇಲೆ ಇಬ್ಬರೂ ರಸ್ತೆ ನೋಡುತ್ತಾ ಕೂರುವುದು.

ಮೇಲಿನ ಮೊಬೈಲ್ ಅಂಗಡಿಯವನೂ ಇವತ್ತು ಗಾಜಿನ ಕಪಾಟು ಹೊತ್ತುಕೊಂಡು ಹೋದ. ಲಿಫ್ಟ್ ನಿಂತು ವರ್ಷವಾಯಿತು. ಹೊಸದರಲ್ಲಿ ನೆಮ್ಮಾರಿನಿಂದ, ಮೆಣಸೆಯಿಂದ ಜನ ಲಿಫ್ಟ್ ಹತ್ತಲೆಂದೇ ಬರುತ್ತಿದ್ದರು. ಹತ್ತಿ ಇಳಿದು, ಬಂದದ್ದಕ್ಕೆ ಒಂದು ಡಬ್ಬಿ ಕುಂಕುಮ ಒಯ್ಯುತ್ತಿದ್ದರು. ಕೊಪ್ಪದ ಪೇಟೆಯಿಂದ ಇಷ್ಟು ದೂರ ಈಗ ಯಾರು ನಡೆದು ಬರುತ್ತಾರೆ?

ಸಂಜೆ ಓನರ್ ಷಡಕ್ಷರಿ ಬಂದರು. "ನೀವಿಬ್ರು ಇದ್ರೆ ದೀಪಾವಳಿವರೆಗೆ ನಡೆಸ್ತೀನಿ. ಒಬ್ರು ಹೋದ್ರೂ ಬಾಗ್ಲು ಹಾಕಿ ಅಡಿಕೆ ಗೋಡೌನಿಗೆ ಕೊಡ್ತೀನಿ" ಎಂದರು.

"ನಾವ್ ಎಲ್ಲಿಗ್ ಹೋಗ್ತೀವಿ ಮಾರಾಯ್ರೆ, ಕುರ್ಚಿಗೇ ಅಂಟ್ಕೊಂಡಿದೀವಿ" ಎಂದು ರಹೀಮುನ್ನೀಸಾ ನಕ್ಕಳು. ನಾನೂ ತಲೆ ಆಡಿಸಿದೆ.

8 ಫೆಬ್ರವರಿ, ಶುಕ್ರವಾರ

ಬಸ್ ಸ್ಟ್ಯಾಂಡ್ ಎದುರು ಒಂದು ಅಂಗಡಿ ಖಾಲಿ ಇದೆಯಂತೆ. ನಾದಿನಿ ಸುಬ್ಬಮ್ಮ ಹೇಳಿ ಕಳಿಸಿದಳು — ಪೂಜೆ ಸಾಮಾನಿಗೆ ಹೇಳಿ ಮಾಡಿಸಿದ ಜಾಗ, ಬುಧವಾರದೊಳಗೆ ಹೇಳು ಎಂದು. ಹೋಗಿ ನೋಡಿದೆ. ನೋಡಬಾರದಿತ್ತು. ರಹೀಮುನ್ನೀಸಾ ಕೇಳಿದಾಗ ಪೋಸ್ಟಾಫೀಸಿಗೆ ಹೋಗಿದ್ದೆ ಎಂದೆ.

ಯಾಕೆ ಹಾಗೆ ಹೇಳಿದೆ...

ಗುಡಿಯ ಅಮ್ಮನ ಹತ್ತಿರ ಪ್ರಸಾದ ಕೇಳುತ್ತೇನೆ. ಅವಳು ಹೇಳಿದ ಹಾಗೆ ಆಗಲಿ.

12 ಫೆಬ್ರವರಿ, ಮಂಗಳವಾರ

ಗುಡಿಗೆ ಹೋದೆ. ಭಟ್ಟರು ದೇವಿಯ ಮೈಗೆ ಎರಡೂ ಕಡೆ ಒದ್ದೆ ಹೂ ಅಂಟಿಸಿದರು. ಬಲದ ಹೂ ಬಿದ್ದರೆ ಹೋಗು, ಎಡದ್ದು ಬಿದ್ದರೆ ಬೇಡ.

ಎಡದ್ದು ಬಿತ್ತು. ಕಾಯಿಸಲೂ ಇಲ್ಲ.

"ನಾನು ಸರಿಯಾಗಿ ಕೇಳ್ಲಿಲ್ಲ ಭಟ್ರೆ, ಇನ್ನೊಂದ್ ಸಲ ಇಡಿ" ಎಂದೆ.

"ಒಂದ್ ಮಾತಿಗೆ ಒಂದೇ ಪ್ರಸಾದ, ಯಮುನಮ್ಮ."

ಆದರೂ ಕೈ ಮುಗಿದು ನಿಂತೆ. ಇಟ್ಟರು. ಬಲಕ್ಕೆ ದಾಸವಾಳ ಇಡಿ ಎಂದು ಹೇಳಿದ್ದೂ ನಾನೇ. ದೊಡ್ಡ ಹೂ, ನೀರು ಕುಡಿದ ಹೂ. ಬಿತ್ತು.

ಬೀಳದೆ ಏನು ಮಾಡುತ್ತದೆ.

ತೀರ್ಥ ತೆಗೆದುಕೊಳ್ಳುವಾಗ ಅಮ್ಮನ ಮುಖ ನೋಡಲಿಲ್ಲ.

13 ಫೆಬ್ರವರಿ, ಬುಧವಾರ

ಬೋಣಿ ಆದ ಮೇಲೆ ಹೇಳಿದೆ. ಬೋಣಿಗಿಂತ ಮೊದಲು ಹೇಳುವ ಧೈರ್ಯ ಬರಲಿಲ್ಲ.

"ಪ್ರಸಾದ ಕೇಳ್ದೆ. ಅಮ್ಮ ಬಲಕ್ಕೆ ಕೊಟ್ಲು. ಪೇಟೆಗೆ ಹೋಗು ಅಂತ."

ರಹೀಮುನ್ನೀಸಾ ಮಿಷನ್ ನಿಲ್ಲಿಸಿದಳು. ಸೂಜಿ ಎತ್ತಿ ಕೆಳಗಿನ ಬಟ್ಟೆ ಬಿಡಿಸಿಕೊಂಡಳು. ಆಮೇಲೆ, "ದೇವ್ರು ಹೇಳಿದ್ ಮೇಲೆ ನಾನ್ ಎಂತ ಹೇಳದು ಅಕ್ಕಾ. ಹೋಗಿ. ಒಳ್ಳೇದಾಗ್ಲಿ" ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಸಾಮಾನು ಕಟ್ಟಲು ತನ್ನ ಹಳೇ ಸೀರೆ ತಂದುಕೊಟ್ಟಳು.

1 ಮಾರ್ಚ್, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಹೊಸ ಅಂಗಡಿಯಲ್ಲಿ ಕೈಗೆ ಬಿಡುವಿಲ್ಲ. ಶಿವರಾತ್ರಿ ಹತ್ತಿರ ಬಂತು, ಕರ್ಪೂರ, ವಿಭೂತಿ ಖರ್ಚಾಗುತ್ತಿದೆ. ಬೋಣಿ ಮಾಡುವವರ ಹೆಸರು ಗೊತ್ತಿಲ್ಲ.

ಷಡಕ್ಷರಿ ಹೇಳಿದಂತೆಯೇ ಮಾಡಿದರು. ಬಸ್ಸಿನಿಂದ ಕಂಡಿತು — ಬೋರ್ಡ್ ಇಳಿಸಿದ್ದಾರೆ, ಗಾಜಿನ ಬಾಗಿಲ ಒಳಗೆ ಅಡಿಕೆ ಮೂಟೆ. ರಹೀಮುನ್ನೀಸಾ ಮನೆಯಲ್ಲೇ ಹೊಲಿಯುತ್ತಾಳಂತೆ. ಆ ಓಣಿಗೆ ಯಾರು ಬಟ್ಟೆ ಕೊಡಲು ಹೋಗುತ್ತಾರೆ. ನಾನೂ ಹೋಗಿಲ್ಲ.

3 ಮಾರ್ಚ್, ಸೋಮವಾರ

ಬೆಳಿಗ್ಗೆ ದೀಪ ಹಚ್ಚಿ ತಿರುಗಿದರೆ ಎದುರಿಗೆ ಅವಳೇ.

"ಬೋಣಿ ಆಯ್ತಾ ಅಕ್ಕಾ?"

ಊದುಬತ್ತಿ ಕೊಂಡಳು. ದುಡ್ಡು ಬೇಡವೆಂದರೆ, "ಬೋಣಿಗೆ ಪುಕ್ಕಟೆ ಕೊಡ್ತಾರಾ? ಪೇಟೆಗ್ ಬಂದು ವ್ಯಾಪಾರ ಮರ್ತ್ರಾ?" ಎಂದು ನಕ್ಕಳು. ಆಮೇಲೆ ನಗಲಿಲ್ಲ.

ಮಗ ನೌಶಾದ್ ನರಸಿಂಹರಾಜಪುರಕ್ಕೆ ಕರೆಯುತ್ತಿದ್ದಾನಂತೆ. ಮಿಷನ್ ಮಾರಿ ಬಾ, ಮಕ್ಕಳನ್ನು ನೋಡಿಕೊಂಡು ಇರು ಎಂದು. ಸೊಸೆ ಕೈಯಲ್ಲಿ ಸೂಜಿ ದಾರಕ್ಕೂ ಕೇಳಬೇಕಲ್ಲ ಎಂದು ಇವಳಿಗೆ ಮನಸ್ಸಿಲ್ಲ.

"ನಿಮ್ ಅಮ್ಮನ್ ಹತ್ರ ನಂದೂ ಒಂದ್ ಮಾತು ಕೇಳಿ ಅಕ್ಕಾ, ಹೋಗ್ಲಾ ಬೇಡ್ವಾ ಅಂತ. ನಿಮಗೆ ಸರಿಯಾಗ್ ಹೇಳಿದಾಳಲ್ಲ. ಅವಳು ಎಂತ ಹೇಳಿದ್ರೂ ನಾನ್ ಕೇಳ್ತೀನಿ."

ಆಯ್ತು ಎಂದೆ.

5 ಮಾರ್ಚ್, ಬುಧವಾರ

ಕೇಳಿದೆ. ಎರಡೂ ಕಡೆ ಒಂದೇ ಅಳತೆಯ ಹೂ ಇಡಿಸಿದೆ. ತುಂಬಾ ಹೊತ್ತು ಏನೂ ಬೀಳಲಿಲ್ಲ. ಅಮ್ಮ ನನ್ನೊಡನೆ ಮಾತು ಬಿಟ್ಟಳು ಎಂದುಕೊಂಡೆ.

ಎಡದ್ದು ಬಿತ್ತು. ಹೋಗಬೇಡ ಎಂದು.

"ಇನ್ನೊಂದ್ ಸಲ ಇಡ್ಲಾ ಯಮುನಮ್ಮ?" ಎಂದರು ಭಟ್ಟರು. ಹಿಂದೆ ಜನ ನಿಂತಿದ್ದರು. ಎಲ್ಲರಿಗೂ ಕೇಳಿಸಿತು.

ಬೇಡ ಎಂದೆ.

6 ಮಾರ್ಚ್, ಶಿವರಾತ್ರಿ. ಬೆಳಿಗ್ಗೆ

ಉಪವಾಸ. ಅಂಗಡಿಯ ಬಾಗಿಲ ಬದಿಯ ಮೂಲೆ ಖಾಲಿ ಮಾಡಿದೆ. ಒಂದು ಮಿಷನ್, ಒಂದು ಕುರ್ಚಿ ಹಿಡಿಸುತ್ತದೆ. ಆದರೆ ಮೂಲೆ ಕೊಟ್ಟರೆ ಸುಳ್ಳು ತೀರುವುದಿಲ್ಲ. ಎಡಕ್ಕೆ ಬಿದ್ದಾಗ ಅವಳು ನಿಲ್ಲಬೇಕು, ನಾನು ಹೋಗಬಹುದು — ಇದು ಯಾವ ನ್ಯಾಯ? ಮೊದಲು ಅದನ್ನು ಹೇಳಬೇಕು. ಆಮೇಲೆ ಅವಳಿಗೆ ಮೂಲೆ ಬೇಕೋ ಬೇಡವೋ.

ಬೋಣಿಗೆ ಮೊದಲೇ ಹೇಳುತ್ತೇನೆ ಈ ಸಲ.

ಅಗೋ, ರಸ್ತೆ ಆಚೆ ನಿಂತಿದ್ದಾಳೆ. ಶೃಂಗೇರಿ ಬಸ್ಸು ಅಡ್ಡ ಬಂತು. ಬಸ್ಸು ಹೋದ ಕೂಡಲೇ ಬರುತ್ತಾಳೆ. ರಹೀಮುನ್ನೀಸಾ, ಅವತ್ತು ನನಗೂ ಮೊದಲು ಬಿದ್ದದ್ದು