ಎರಡು ನಲವತ್ತರ ಗಂಟೆ

ಕಂಪ್ಯೂಟರ್ ಕೋಣೆ, ಶಾಲೆಯ ಎರಡನೇ ಮಹಡಿ
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಲ್ಲಿದ್ದಾನೋ ಗೊತ್ತಿಲ್ಲದವನನ್ನು ಹೇಗಿದ್ದೀಯ ಎಂದು ಕೇಳುವುದು ತಮಾಷೆಯೇ. ಇದ್ದೀಯೋ ಇಲ್ಲವೋ ಎಂದೇ ಹದಿನಾಲ್ಕು ತಿಂಗಳು ನಮಗೆ ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ, ಬೆನ್ನು ನೋವು ಹೇಗಿದೆ? ನಿನ್ನ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ. ನೋವಿಗೆ ಕಾರಣ ತಿಳಿಯಿತು. ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡಿಕೊಂಡಿದ್ದವಳನ್ನು ಹೆಡ್ ಮೇಡಂ ಮೇಲಕ್ಕೆ ಕಳಿಸಿದರು, ಅಣ್ಣನ ಕೆಲಸ ತಂಗಿಗೆ ಬಾರದೆ ಇರುತ್ತದೆಯೇ ಎಂದು. ಕನ್ನಡ ಮಾಧ್ಯಮದ ಬಿ.ಎ.ಗೆ ನಲವತ್ತೈದರಲ್ಲಿ ಈ ಯೋಗ: ಎದುರಿಗೆ ಕೀಲಿಮಣೆ, ಬಡಿದುಕೊಳ್ಳಲು ಹಣೆ. ಅತ್ತಿಗೆ ಚೆನ್ನಾಗಿದ್ದಾರೆ ಎಂದು ಬರೆದರೆ ಸುಳ್ಳು. ಚೆನ್ನಾಗಿಲ್ಲ ಎಂದು ಬರೆದರೆ ಅವರಿಗೆ ಕೋಪ. ನಿನ್ನ ಮಗಳು ಕಡ್ಡಿ ಇನ್ನೂ ಕಡ್ಡಿಯೇ, ಎರಡು ಇಂಚು ಉದ್ದವಾಗಿದ್ದಾಳೆ ಅಷ್ಟೆ. ಹುಬ್ಬಿನ ಮೇಲಿನ ಗಾಯದ ಗೆರೆ ಮಾಸುತ್ತಿದೆ. ಇದನ್ನು ನಿನಗೆ ಹೇಳಲೇಬೇಕು ಅನ್ನಿಸಿತು.

ಈಗ ಸುದ್ದಿ. ಎರಡು ತಿಂಗಳ ಹಿಂದೆ, ಸ್ಪೀಕರಿನಲ್ಲಿ ಶಾಲೆಯ ಗಂಟೆ ಹೊಡೆಸುವ ತಂತ್ರಾಂಶ ಹೊಸದಾಯಿತು. ಎಂಜಿನಿಯರ್ ಒಬ್ಬ ಬಂದು, ಅದಕ್ಕೊಂದು ಹೊಸ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ಹಳೆಯದನ್ನು ಅಳಿಸಿ ಹೋದ. ಅದೇನೆಂದು ನನಗೆ ಅರ್ಥವಾದದ್ದು ಇಷ್ಟು: ಒಂದೇ ಕಂಪ್ಯೂಟರಿನೊಳಗೆ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಬಾಡಿಗೆ ಕೋಣೆ, ಒಂದರಲ್ಲಿರುವುದು ಇನ್ನೊಂದಕ್ಕೆ ಕಾಣದು. ನೀನು ಶಾಲೆಯ ವೇಳಾಪಟ್ಟಿಯನ್ನು ಆ ಕೋಣೆಯೊಳಗೇ ಇಟ್ಟಿದ್ದೆ. ಕೋಣೆಯ ಜೊತೆ ಅದೂ ಹೋಯಿತು. ಮರುದಿನ ಗಂಟೆಯೇ ಇಲ್ಲ. ಜವಾನ ಮಾಮ ಅಟ್ಟದಿಂದ ಹಳೆಯ ಕಬ್ಬಿಣದ ಪಟ್ಟಿ, ಸುತ್ತಿಗೆ ಇಳಿಸಿ, ಮದುವೆಗೆ ಹೊರಟವರ ಉತ್ಸಾಹದಲ್ಲಿ ಬಾರಿಸಿದರು.

ಆ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ, ಯಾವ ಪಿರಿಯಡ್ಡೂ ಮುಗಿಯದ ಹೊತ್ತಿಗೆ, ಸ್ಪೀಕರಿನಲ್ಲಿ ಒಂದೇ ಒಂದು ಗಂಟೆ ಮೆಲ್ಲಗೆ ಹೊಡೆಯಿತು. ಮಾಮನ ಕೈಯಲ್ಲಿದ್ದ ಸುತ್ತಿಗೆ ಕೆಳಗೆ ಬಿತ್ತು. ದಿನಾ ಹೊಡೆಯುತ್ತಿದ್ದದ್ದೇ, ಮಿಕ್ಕ ಗಂಟೆಗಳ ನಡುವೆ ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಮಕ್ಕಳು ಅದಕ್ಕೆ ದೆವ್ವದ ಗಂಟೆ ಎಂದು ಹೆಸರಿಟ್ಟರು. ಮೇಡಂ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಸ್ಪೀಕರ್ ಬಿಚ್ಚಿ, ಊದಿ, ಮುಚ್ಚಿ, ದೆವ್ವ ತನ್ನ ಇಲಾಖೆಯಲ್ಲ ಎಂದು ಹೋದ.

ನಾನು ಮಾತ್ರ ದೆವ್ವವನ್ನು ನಂಬಲಿಲ್ಲ. ಆ ಹೊತ್ತಿಗೆ ಕೆಳಗಿನ ತರಗತಿಯಲ್ಲಿ ಕಡ್ಡಿ ಬಾಟಲಿ ತೆಗೆದು ಮಾತ್ರೆ ನುಂಗುವುದನ್ನು ನೋಡಿದ್ದೆ. ನೀನೊಂದು ದಿನ ಮಾತ್ರೆ ಕೊಡಲು ಮರೆತೆ, ಅವಳಿಗೆ ಫಿಟ್ಸ್ ಬಂದು ಮೆಟ್ಟಿಲಿನಿಂದ ಬಿದ್ದಳು. ಅದಾದ ಹನ್ನೊಂದನೇ ದಿನ ನೀನು ಹೋದೆ. ನಡುವಿನ ಹತ್ತು ದಿನ ಇಲ್ಲಿ ಕೂತು ಏನು ಮಾಡುತ್ತಿದ್ದೆ ಎಂದು ಆಗ ಯಾರೂ ಕೇಳಲಿಲ್ಲ. ಗಂಟೆಯ ಬಗ್ಗೆ ಅವಳನ್ನೇ ಕೇಳಿದೆ. ಹೆದರಿಕೆಯೇ ಇಲ್ಲದೆ, "ಅದು ದೆವ್ವ ಅಲ್ಲ ಅತ್ತೆ, ಅಪ್ಪ. ಇಲ್ಲೇ ಎಲ್ಲೋ ಇದ್ದಾರೆ, ನೀವ್ಯಾರೂ ಸರಿಯಾಗಿ ಹುಡುಕಿಲ್ಲ" ಅಂದಳು.

ಹುಡುಕಿದೆ. ಯಾರಿಗೂ ಹೇಳದೆ ನೀನು ಮಾಡಿಟ್ಟಿದ್ದ ಇನ್ನೊಂದು ಪುಟ್ಟ ಕೋಣೆ ಸಿಕ್ಕಿತು. ಒಳಗೆ ಒಂದು ಫೈಲು, ಫೈಲಿನಲ್ಲಿ ಒಂದೇ ಸಾಲು: 2:40, ಒಂದು ಸಲ, ಮೆಲ್ಲಗೆ. ಯಾರೋ ಎದ್ದುಹೋದ ಕುರ್ಚಿ ಇನ್ನೂ ಬೆಚ್ಚಗಿರುತ್ತದಲ್ಲ, ಹಾಗಿತ್ತು.

ನನ್ನ ಜಾಣತನವನ್ನೂ ಕೇಳು. ವೇಳಾಪಟ್ಟಿಯನ್ನೆಲ್ಲ ಮತ್ತೆ ಟೈಪು ಮಾಡಿ, ನಿನ್ನಂತೆಯೇ ಹೊಸ ಕೋಣೆಯ ಒಳಗಿಟ್ಟೆ. ಮೂರು ವಾರಕ್ಕೆ ಎಂಜಿನಿಯರ್ ಏನೋ ಸರಿಮಾಡಲು ಕೋಣೆಯನ್ನೇ ಕೆಡವಿ ಕಟ್ಟಿದ; ಪಟ್ಟಿ ಮತ್ತೆ ಮಾಯ. ಬೈದೆ. ಅವನು ತಣ್ಣಗೆ, "ಮೇಡಂ, ಅದು ಯಾವಾಗ ಬೇಕಾದರೂ ಕೆಡವೋದಕ್ಕೇ ಇರೋದು. ನಿಮ್ಮದನ್ನ ಹೊರಗಿಟ್ಟು, ಎಲ್ಲಿದೆ ಅಂತ ಅದಕ್ಕೆ ಹೇಳಿ" ಅಂದ. ಈಗ ಗೋಡೆಗೆ ಚೀಟಿ ಅಂಟಿಸಿದ್ದೇನೆ: ತಂತ್ರಾಂಶ ಒಳಗಿರಲಿ, ನಮ್ಮ ಅಂಶ ಹೊರಗಿರಲಿ. ಪ್ರಾಸಕ್ಕೆ ನೀನು ನಗುತ್ತೀಯ, ನಗು. ಇಷ್ಟು ವರ್ಷ ಈ ಕೆಲಸ ಮಾಡಿದವನು ನೀನು. ಮಗಳ ಗಂಟೆಯನ್ನು ಕೆಡವುವ ಕೋಣೆಯಲ್ಲಿ ಏಕಿಟ್ಟೆ? ನಾಲ್ಕು ದಿನಕ್ಕೆ ತಿರುಗಿ ಬರುವವನ ಹಾಗೆ.

ಕಳೆದ ಶನಿವಾರ ಬೆಳಿಗ್ಗೆ ಡಾಕ್ಟರು ಮಾತ್ರೆಯ ಹೊತ್ತನ್ನು ಮೂರು ಹತ್ತಕ್ಕೆ ಬದಲಿಸಿದರು. ಸೋಮವಾರ ನಾನು ನಿನ್ನ ಸಾಲು ತಿದ್ದಲು ಕೂತೆ. ತೆರೆದರೆ, 3:10, ಒಂದು ಸಲ, ಮೆಲ್ಲಗೆ. ತಿದ್ದಿದ್ದು ಶನಿವಾರ ಸಂಜೆ ಆರು ಹನ್ನೆರಡಕ್ಕೆ ಎಂದು ಫೈಲೇ ಹೇಳುತ್ತಿತ್ತು. ಆಗ ಶಾಲೆಗೆ ಬೀಗ, ಬೀಗದ ಕೈ ನನ್ನ ಚೀಲದಲ್ಲಿ. ಆಮೇಲೆ ನೆನಪಾಯಿತು: ಕ್ಲಿನಿಕ್ಕಿನ ಕಾರ್ಡಿನಲ್ಲಿ ಇಂದಿಗೂ ನಿನ್ನ ನಂಬರೇ ಇದೆ. ನಾವು ಕರೆದರೆ ಸ್ವಿಚ್ ಆಫ್; ನೀನು ಯಾವಾಗಲೋ ಆನ್ ಮಾಡಿದಾಗ, ಮಾತ್ರೆಯ ಹೊತ್ತು ತಿಳಿಸುವ ಅವರ ಮೆಸೇಜು ಮಾತ್ರ ನಿನಗೆ ಸಿಗುತ್ತಿದೆ. ಹೊರಗಿನಿಂದ ಇಂಟರ್ನೆಟ್ಟಿನಲ್ಲೇ ಈ ಕಂಪ್ಯೂಟರಿಗೆ ಬರುವ ದಾರಿ ನಿನಗೆ ಗೊತ್ತು. ಪಾಸ್‌ವರ್ಡನ್ನು ನಾನು ಬದಲಿಸಿಲ್ಲ. ಬದಲಿಸುವುದೂ ಇಲ್ಲ.

ಅತ್ತಿಗೆಗೆ ಹೇಳಿಲ್ಲ. ಕಡ್ಡಿಗೆ ಹೇಳುವ ಅಗತ್ಯವಿಲ್ಲ, ಅವಳಿಗೆ ಮೊದಲೇ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಎಂಜಿನಿಯರ್ ನಾಡಿದ್ದು ಶನಿವಾರ ಹಳೆಯ ಕೋಣೆಗಳನ್ನೆಲ್ಲ ಅಳಿಸುತ್ತಾನೆ, ನಿನ್ನದನ್ನೂ. ಈ ಪತ್ರವನ್ನು ಅಲ್ಲಿ, ಆ ಒಂದು ಸಾಲಿನ ಪಕ್ಕದಲ್ಲೇ ಇಡುತ್ತಿದ್ದೇನೆ. ಅಷ್ಟರೊಳಗೆ ಬಾ. ಗಂಟೆ ನಿಲ್ಲುವುದಿಲ್ಲ, ಆ ಸಾಲನ್ನು ಹೊರಗೆ, ನಿನ್ನ ಹೆಸರಿನ ಫೋಲ್ಡರಿಗೇ ನಕಲು ಮಾಡಿ ಗಂಟೆಗೆ ತೋರಿಸಿದ್ದೇನೆ, ಇನ್ನು ಮುಂದೆ ಅಲ್ಲೇ ನೋಡು. ಉತ್ತರ ಬರೆಯಲು ಆಗದಿದ್ದರೆ ಬೇಡ. ಅಲ್ಲಿ ಮೂರು ಹತ್ತನ್ನು ಮೂರು ಹನ್ನೊಂದು ಮಾಡು, ಸಾಕು. ಒಂದು ನಿಮಿಷ ತಡವಾದರೆ ಮಾತ್ರೆಗೆ ಏನೂ ಆಗುವುದಿಲ್ಲ, ಡಾಕ್ಟರನ್ನು ಕೇಳಿದ್ದೇನೆ.