ದ್ರಾಕ್ಷಿ ಚಪ್ಪರದ ಕ್ಯಾಸೆಟ್ಟುಗಳು

ಕೊಡಿಗೇಹಳ್ಳಿ
೨೦-೧-೨೦೨೫, ಸೋಮವಾರ

ಚಿರಂಜೀವಿ ಚನ್ನಕೇಶವನಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದ.

ಮಂಡಿನೋವು ಹೇಗಿದೆ? ಚಿಂತಾಮಣಿಯ ಚಳಿಯಲ್ಲಿ ನೆಲದ ಮೇಲೆ ಕೂತು ಮೋಟರ್ ರಿಪೇರಿ ಮಾಡಬೇಡ, ಸ್ಟೂಲ್ ಹಾಕಿಕೋ ಎಂದು ನಿನ್ನ ಅತ್ತಿಗೆ ಗೌರಮ್ಮ ಹೇಳಿದ್ದಾಳೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ಫೋನ್ ಮಾಡಿದರೆ ನೀನು ಎರಡು ಮಾತಾಡಿ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಪೂರ್ತಿ ಓದು. ನೀನು ಬಾರಿಸಿ ರೆಕಾರ್ಡ್ ಮಾಡಿಟ್ಟಿದ್ದ ಕ್ಯಾಸೆಟ್ಟುಗಳು ಸಿಕ್ಕಿವೆ ಕಣೋ, ನಾಲ್ಕಕ್ಕೆ ನಾಲ್ಕೂ!

ಹೇಗೆ ಎನ್ನುತ್ತೀಯ. ಎಂಬತ್ತೊಂಬತ್ತರಲ್ಲಿ ನಾನು ಅವುಗಳ ಟೇಪು ಎಳೆದು, ಗಿಳಿ ಓಡಿಸಲು ದ್ರಾಕ್ಷಿ ತೋಟಕ್ಕೆ ಕಟ್ಟಿದ್ದನ್ನು ಕಣ್ಣಾರೆ ನೋಡಿದವನು ನೀನು. ಅವತ್ತೇ ಚೀಲ ಎತ್ತಿಕೊಂಡು ಹೋದವನು ಮತ್ತೆ ಬಾರಿಸಲೇ ಇಲ್ಲ. ಈಗ ಕೇಳು. ಯುಗಾದಿ ಬಂತೆಂದರೆ ನಮ್ಮಮ್ಮ ದೇವರ ಪಟದಿಂದ ಹಿಡಿದು ಟಾರ್ಚಿನವರೆಗೆ ಏನನ್ನೂ ತೊಳೆಯದೆ ಬಿಡುತ್ತಿರಲಿಲ್ಲವಲ್ಲ, ಆ ವರ್ಷ ಕ್ಯಾಸೆಟ್ ಡಬ್ಬಿಗಳನ್ನೂ ತೊಳೆದು ಒಣಗಿಸಿದ್ದಾಳೆ. ನೀನು ಪೇಂಟಿನಲ್ಲಿ ಹೆಸರು ಬರೆದದ್ದು ಡಬ್ಬಿಯ ಮೇಲೆ ಮಾತ್ರ, ಅಮ್ಮನಿಗೋ ಓದು ಬಾರದು. ನಿನ್ನವು ನಮ್ಮ ಮದುವೆಯ ಡಬ್ಬಿಗೆ ಹೋದವು, ಮದುವೆಯವು ನಿನ್ನ ಡಬ್ಬಿಗೆ ಬಂದವು. ನಾನು ಗಿಳಿಗಳಿಗೆ ಕಟ್ಟಿದ್ದು ನನ್ನದೇ ಮದುವೆಯ ವಾಲಗ! ಟೇಪ್ ರೆಕಾರ್ಡರ್ ನಿನ್ನ ಜೊತೆಯೇ ಹೋದದ್ದರಿಂದ ಮನೆಯಲ್ಲಿ ಯಾರೂ ಹಾಕಿ ಕೇಳಲಿಲ್ಲ. ಗೌರಮ್ಮ ನಿನ್ನವನ್ನು ಮದುವೆಯ ಟೇಪುಗಳೆಂದೇ ತಿಳಿದು ರೇಷ್ಮೆ ಸೀರೆಗಳ ಜೊತೆ ಟ್ರಂಕಿನಲ್ಲಿ ಕಾಪಾಡಿದಳು.

ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆಂದು ಮಗಳು ಸಂಯುಕ್ತಾ ಅವನ್ನು ಫಾಯಿಜಾ ಎಂಬ ಹುಡುಗಿಗೆ ಕೊಟ್ಟಳು. ಹಳೆಯ ಟೇಪುಗಳನ್ನು ಕೂಡಿಟ್ಟು ಕಂಪ್ಯೂಟರಿಗೆ ಹಾಕುವುದೇ ಆಕೆಯ ಕೆಲಸ. ನಾವು ಹೊಸ ಬಟ್ಟೆ ಹಾಕಿಕೊಂಡು, ಕಾಫಿ ಹಿಡಿದು ವಾಲಗ ಕೇಳಲು ಕೂತರೆ, ಬಂದದ್ದು ಗುಂಯ್ ಎನ್ನುವ ತಂತಿ! ನೀನು ದ್ರಾಕ್ಷಿ ಚಪ್ಪರದ ತಂತಿಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದೆ, ಹಿಂದೆ ಪಂಪ್‌ಸೆಟ್ ಏದುಸಿರು ಬಿಡುತ್ತಿತ್ತು. ‘ಅಯ್ಯೋ, ಇದು ನಮ್ ಕೇಶವನ ಗಲಾಟೆ ಅಲ್ವೇನ್ರೀ!’ ಎಂದು ಗೌರಮ್ಮ ಕಾಫಿ ಚೆಲ್ಲಿಕೊಂಡಳು. ಫಾಯಿಜಾ ಮಾತ್ರ, ‘ಅಂಕಲ್, ಯಾರು ಬಾರ್ಸಿದ್ದು ಇದನ್ನ? ಇಂಥದ್ದು ನಾನು ಎಲ್ಲೂ ಕೇಳಿಲ್ಲ’ ಎಂದಳು.

ಮೊನ್ನೆ ಶನಿವಾರ ಯಲಹಂಕದಲ್ಲಿ ಫಾಯಿಜಾಳ ಕಡೆಯವರು ಅದನ್ನು ನೂರಿಪ್ಪತ್ತು ಜನರ ಮುಂದೆ ಕೇಳಿಸಿದರು. ‘ಆಂಜಿನಪ್ಪನ ತಮ್ಮಂಗೆ ಗಾಳಿ ಮೆಟ್ಕೊಂಡೈತೆ’ ಎಂದು ಊರೆಲ್ಲ ಸಾರಿದ್ದನಲ್ಲ, ಆ ಮುನಿವೆಂಕಟಯ್ಯನನ್ನು ಬೇಕೆಂದೇ ಮುಂದಿನ ಸಾಲಿನಲ್ಲಿ ಕೂರಿಸಿದೆ. ಇಪ್ಪತ್ತು ನಿಮಿಷ ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುನಿವೆಂಕಟಯ್ಯ ನನ್ನ ಕೈ ಹಿಡಿದು, ‘ನಂಗೇನೂ ಅರ್ಥ ಆಗ್ಲಿಲ್ಲ ಕಣಣ್ಣ, ಆದ್ರೆ ಮೈಯೆಲ್ಲ ಜುಮ್ಮಂತು’ ಎಂದ. ಬಾರಿಸಿದವನು ನನ್ನ ತಮ್ಮ ಎಂದು ನಾನು ನಿಂತಲ್ಲಿಂದಲೇ ಕೂಗಿದೆ. ಗಂಟಲು ಇನ್ನೂ ಸರಿಹೋಗಿಲ್ಲ. ಇಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ನಿನ್ನ ಅತ್ತಿಗೆಗೆ ಹೇಳಬೇಡ.

ಸಂಯುಕ್ತಾ ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿದ್ದಾಳೆ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಣ್ಣ,
ಆಂಜಿನಪ್ಪ

ವಿ.ಸೂ.: ಗೌರಮ್ಮ ಇಣುಕಿ ನೋಡಿ, ‘ಮುಖ್ಯವಾದ್ದೇ ಬರ್ದಿಲ್ವಲ್ರೀ’ ಎಂದಳು. ಮೇಲೆ ನಾನು ಬರೆದ ಮದುವೆ ದಿನದ ಮಾತನ್ನು ಓದಲಿಲ್ಲ ಸದ್ಯ. ಟೇಪು ಅದಲುಬದಲಾದದ್ದು ಅಮ್ಮನ ಪುಣ್ಯ. ನಿನ್ನದೆಂದು ತಿಳಿದೇ ನಾನು ಕಟ್ಟಿದ್ದೆ, ಅದು ತಪ್ಪು. ಕ್ಷಮಿಸು. ನಿನ್ನ ಟೇಪುಗಳನ್ನು ಎಲ್ಲರೂ ಕೇಳುವಂತೆ ಇಡಲು ಫಾಯಿಜಾ ಒಂದು ಒಪ್ಪಿಗೆ ಪತ್ರ ಕೊಟ್ಟಿದ್ದಾಳೆ. ಇಷ್ಟು ವರ್ಷ ಜಮೀನಿನ ಕಾಗದಗಳಿಗೆಲ್ಲ ನಿನ್ನ ಪರವಾಗಿ ನಾನೇ ರುಜು ಹಾಕಿದೆ. ಇದಕ್ಕೆ ಹಾಕುವ ಯೋಗ್ಯತೆ ನನಗಿಲ್ಲ. ನೀನೇ ಬಂದು ಹಾಕು.