ಅಮ್ಮನ ಬೆಲ್, ನಿನ್ನ ಆಫೀಸ್ ಗ್ರೂಪ್

ಪುಟ್ಟಾ,

ಅಮ್ಮ ಮಂಚದ ಬೆಲ್ ಒತ್ತಿದರೆ ಇನ್ನು ಮೇಲೆ ನಿನ್ನ ಆಫೀಸ್ ಗ್ರೂಪಿಗೆ ಮೆಸೇಜ್ ಬರುವುದಿಲ್ಲ. ಬೆಳಿಗ್ಗೆ ನಿನ್ನ ಕಂಪ್ಯೂಟರಿನಲ್ಲಿ ಅದನ್ನು ತೆಗೆದುಹಾಕಿದೆ. ಮನೆಯಲ್ಲೇ ಕೂತು ಕೆಲಸ ಮಾಡುವಾಗ ನೀನು ಫೋನ್ ಮುಟ್ಟುವುದಿಲ್ಲ, ಆ ಗ್ರೂಪಿನಿಂದ ಮಾತ್ರ ಕಣ್ಣು ಕೀಳುವುದಿಲ್ಲ ಎಂದು ನಾನೇ ಯೋಚಿಸಿ ಮಾಡಿದ ಏರ್ಪಾಡು. ನನ್ನ ಊಹೆ ತಪ್ಪಾಗಿತ್ತು.

ತೆಗೆಯುವಾಗ ನಿನ್ನೆಯದು ಕಣ್ಣಿಗೆ ಬಿತ್ತು. ‘ಅಮ್ಮ ಕರೆಯುತ್ತಿದ್ದಾರೆ’ ಎಂದು ಬಂದ ಮೆಸೇಜಿಗೆ ನಿನ್ನ ಜೊತೆಯವರೆಲ್ಲ ಹೆಬ್ಬೆರಳು ಎತ್ತಿದ್ದಾರೆ. ‘ಇದನ್ನ ಯಾರು ನೋಡ್ಕೋತೀರಾ?’ ಎಂದು ಒಬ್ಬರು ಕೇಳಿದ್ದಾರೆ. ‘ನಾನು ನೋಡ್ತೀನಿ’ ಎಂದು ಬರೆದ ನೀನು, ಮರುಕ್ಷಣವೇ ಕೆಲಸ ಮುಗಿಯಿತೆಂದು ಗುರುತು ಹಾಕಿದ್ದೀಯ. ನಿನಗೂ ಅಮ್ಮನಿಗೂ ನಡುವೆ ಇರುವುದು ಒಂದೇ ಗೋಡೆ.

ನಿನ್ನೆ ಸಂಜೆ ನಾನು ಲ್ಯಾಬಿನಿಂದ ಬಂದಾಗ ಅಮ್ಮನ ಹಾಸಿಗೆ ಒದ್ದೆಯಾಗಿ ತಣ್ಣಗಾಗಿತ್ತು. ನಿನ್ನನ್ನು ಬೈಯಲು ಹೊರಟರೆ ಕೈ ಹಿಡಿದುಕೊಂಡಳು. ‘ಸುಮ್ನಿರೇ, ಪಾಪ ಮೀಟಿಂಗಲ್ಲಿದ್ದ. ನಾನೇ ಇನ್ನೊಂಚೂರು ತಡ್ಕೋಬೇಕಿತ್ತು’ ಅಂದಳು.

ಅವಳ ತಲೆದೆಸೆಯಲ್ಲಿ ತಟ್ಟೆ, ಚಮಚ ಇಟ್ಟು, ಬೇಕಾದಾಗ ಬಡಿ ಎಂದಿದ್ದೇನೆ. ಬಡಿಯುವುದಿಲ್ಲ, ನನಗೆ ಗೊತ್ತು.

ಒಗೆದ ಹೊದಿಕೆ ಕುರ್ಚಿಯ ಮೇಲಿದೆ. ಮಾತ್ರೆ ಕೊಡುವ ಮೊದಲು ಬೆನ್ನಿಗೆ ದಿಂಬು ಕೊಟ್ಟು ಕೂರಿಸು. ಚೀಟಿಯನ್ನು ಕೀಬೋರ್ಡಿನ ಮೇಲೆ ಇಡುತ್ತಿದ್ದೇನೆ. ಬೇರೆಲ್ಲಿಟ್ಟರೂ ನೀನು ನೋಡುವುದಿಲ್ಲ.

ಅಮ್ಮನ ಕೋಣೆಗೆ ಹೋದಾಗ ಬಾಗಿಲಲ್ಲೇ ನಿಂತು ‘ಏನಾದ್ರೂ ಬೇಕಾ?’ ಎಂದು ಕೇಳಬೇಡ. ಅವಳು ‘ಏನೂ ಬೇಡಪ್ಪ’ ಅನ್ನುತ್ತಾಳೆ. ನೀನು ನಂಬಿಬಿಡುತ್ತೀಯ.

ಅಕ್ಕ